ಡೋಣಿ ದಂಡೆಯ ಒಂದು ಹೆರಿಗೆ: ಡಾಕ್ಟರು ಎಷ್ಟು ತಾಸು ದೂರ ಇದ್ದರು?

ಹಿಂದೆ ಹಳ್ಳಿಗಳಲ್ಲಿ ಡಾಕ್ಟರು ಇರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಜನಕ್ಕೆ ಎಷ್ಟು ಡಾಕ್ಟರು ಎನ್ನುವ ಲೆಕ್ಕವೂ ಸಿಗುತ್ತದೆ. ಆದರೆ ಹೊರಸಿನ ಮೇಲೆ ಮಲಗಿ ಒಬ್ಬ ಹೆಣ್ಣುಮಗಳು ಕಾಯ್ದ ತಾಸುಗಳು ಆ ಲೆಕ್ಕದಲ್ಲಿ ಕಾಣುವುದಿಲ್ಲ. ನನಗೆ ಆ ತಾಸುಗಳೇ ಮುಖ್ಯ. ಅದಕ್ಕೇ ಇಲ್ಲಿ ಒಂದೇ ಒಂದು ಹೆರಿಗೆಯನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಇದು ನಡೆದದ್ದು 1960ರ ದಶಕದ ನಡುವೆ, ಆಗಿನ ಬಿಜಾಪುರ ಜಿಲ್ಲೆಯಲ್ಲಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಆಗ ಎಲ್ಲ ಒಂದೇ. ಹೆರಿಗೆ ಆದವಳು ನಮ್ಮ ಅವ್ವನ ತಂಗಿ, ನನ್ನ ಚಿಕ್ಕವ್ವ. ಮುಂದೆ ನಾನು ಇದೇ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನರ್ಸ್ ಆಗಿ ಕೆಲಸ ಮಾಡಿದೆ. ಆಮೇಲೆಯೇ ಈ ವಿಷಯವನ್ನು ಸರಿಯಾಗಿ ಕೇಳಿ ತಿಳಿದುಕೊಂಡದ್ದು. ಚಿಕ್ಕವ್ವ ಹೇಳಿದಳು, ಗಾಡಿ ಹೊಡೆದ ಮಾಮಾ ಹೇಳಿದ, ಸೂಲಗಿತ್ತಿಯ ಮಗಳು ತನ್ನ ತಾಯಿ ಹೇಳಿದ್ದನ್ನು ಹೇಳಿದಳು. ಮೂವರ ಮಾತೂ ಹೆಚ್ಚುಕಡಿಮೆ ಕೂಡಿಬರುತ್ತದೆ. ಕೂಡಿಬರದ ಕಡೆ ಚಿಕ್ಕವ್ವನ ಮಾತನ್ನೇ ಹಿಡಿದಿದ್ದೇನೆ. ಊರಿನ ಹೆಸರು, ಜನರ ಹೆಸರು ಬರೆಯುವುದಿಲ್ಲ.

ಊರು

"ಡೋಣಿ ಬೆಳೆದರೆ ಓಣೆಲ್ಲ ಜೋಳ" ಎನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಡೋಣಿ ಹೊಳೆಯ ಎರಡೂ ದಂಡೆಗೆ ಆಳವಾದ ಎರಿ ಭೂಮಿ. ಹಿಂಗಾರಿ ಜೋಳ ಅಲ್ಲಿ ಬೆಳೆಯುವ ಹಾಗೆ ಬೇರೆಲ್ಲೂ ಬೆಳೆಯುವುದಿಲ್ಲ. ಆದರೆ ಅದೇ ಎರಿ ಮಣ್ಣು ನಾಲ್ಕು ಹನಿ ಮಳೆಗೆ ಉಬ್ಬಿ ಅಂಟಾಗುತ್ತದೆ. ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಗಾಡಿ ಗಾಲಿಗೆ ಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಹೊಳೆಯ ನೀರು ಉಪ್ಪು, ಕುಡಿಯಲು ಬರುವುದಿಲ್ಲ. ಹಾಗಾಗಿ ಊರಿಗೆಲ್ಲ ಒಂದು ಮೆಟ್ಟಿಲ ಬಾವಿ. ಇಳಿದು, ಕಾಲು ನೀರಲ್ಲಿಟ್ಟು ಕೊಡ ತುಂಬಿಕೊಳ್ಳಬೇಕು.

ಆ ಬಾವಿಯಿಂದಲೇ ನಾರುಹುಣ್ಣು ಬರುತ್ತಿತ್ತು. ನೀರಿನ ಸಣ್ಣ ಹುಳದ ಜೊತೆ ನಾರಿನ ಮರಿ ಹೊಟ್ಟೆಗೆ ಹೋಗುತ್ತದೆ. ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ಹುಳವಾಗಿ ಕಾಲಿನಿಂದ ಹೊರಗೆ ಬರುತ್ತದೆ. ಉರಿ ತಾಳದೆ ಕಾಲನ್ನು ನೀರಲ್ಲಿ ಇಟ್ಟರೆ ಮತ್ತೆ ಮರಿಗಳು ಬಾವಿಗೆ. ಹುಳವನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು, ಹರಿದರೆ ಬಾವು. ಬಿತ್ತಿಗೆಯ ಹೊತ್ತಿಗೆ ಊರಿನ ಗಂಡಸರಲ್ಲಿ ಎಷ್ಟೋ ಜನ ಕಾಲು ಚಾಚಿ ಕಟ್ಟೆ ಮೇಲೆ ಕೂತಿರುತ್ತಿದ್ದರಂತೆ.

ಊರಲ್ಲಿ ಔಷಧ ಗೊತ್ತಿದ್ದವರು ಇರಲಿಲ್ಲ ಅಂತ ಅಲ್ಲ. ಮಠದ ಅಯ್ಯನವರು ಚೂರ್ಣ, ಕಷಾಯ ಕೊಡುತ್ತಿದ್ದರು. ಮುರಿದ ಕೈಕಾಲು ಕಟ್ಟುವವನೊಬ್ಬ ಪಕ್ಕದ ಊರಲ್ಲಿದ್ದ. ಮಕ್ಕಳು ಬೆಚ್ಚಿದರೆ ದರ್ಗಾದಿಂದ ತಾಯತ ತರುತ್ತಿದ್ದರು. ಸಂತೆ ಊರಲ್ಲಿ ಒಬ್ಬರು ಹಳೆಯ ಕಂಪೌಂಡರು ಸೂಜಿ ಮಾಡುತ್ತಿದ್ದರು. ಮತ್ತೆ ಸೂಲಗಿತ್ತಿ. ಅರ್ಧ ಊರು ಆಕೆಯ ಕೈಯಲ್ಲೇ ಹುಟ್ಟಿತ್ತು. ಪದವಿ ಪಡೆದ ಡಾಕ್ಟರು ಮಾತ್ರ ತಾಲೂಕು ಊರು ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ದೊಡ್ಡ ಕಾಯಿಲೆ ಎಂದರೆ ಉಳ್ಳವರು ಮಿರಜಿಗೆ ಹೋಗುತ್ತಿದ್ದರು. 1894ರಲ್ಲಿ ವಾನ್‌ಲೆಸ್ ಎನ್ನುವ ಡಾಕ್ಟರು ಕಟ್ಟಿದ ಮಿಷನ್ ದವಾಖಾನೆ ಅಲ್ಲಿತ್ತು. ಬೆಳಗಾವಿ ಕಡೆಯವರಿಗೆ ಘಟಪ್ರಭಾದ ಕರ್ನಾಟಕ ಆರೋಗ್ಯ ಧಾಮವೂ ಇತ್ತು. ಸ್ವಾತಂತ್ರ್ಯ ಹೋರಾಟದ ಡಾ. ನಾ. ಸು. ಹರ್ಡೀಕರರು ಅದನ್ನು ಬೆಳೆಸಿದವರಲ್ಲಿ ಒಬ್ಬರು. ರೈಲಿನ ದಾರಿಯಲ್ಲಿದ್ದ ಊರಿನವರಿಗೆ ಇವೆಲ್ಲ ಕೈಗೆ ಸಿಗುವಂಥವು. ಡೋಣಿ ದಂಡೆಯಿಂದ ಮೊದಲು ರೈಲಿನ ತನಕ ಹೋಗಬೇಕಲ್ಲ?

ಆ ಮೂರು ದಿನ

ಚಿಕ್ಕವ್ವನಿಗೆ ಆಗ ಹದಿನಾರು. ಆಗಿನ ಕಾನೂನಿನಲ್ಲೇ ಹುಡುಗಿಗೆ ಹದಿನೈದು ತುಂಬಿದರೆ ಮದುವೆ ಮಾಡಬಹುದಿತ್ತು. ಹದಿನೆಂಟು ಆದದ್ದು 1978ರಲ್ಲಿ. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಗಿಡ್ಡ ಮೈಕಟ್ಟು. ಬೆಳೆಯುವ ವಯಸ್ಸಿನಲ್ಲಿ ಎರಡು ಬರಗಾಲ ಕಂಡ ಮೈ. ಸೊಂಟದ ಎಲುಬು ಇನ್ನೂ ಪೂರ್ತಿ ಬಲಿತಿರಲಿಲ್ಲ. ಇದನ್ನು ಯಾರಾದರೂ ಮೊದಲೇ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೋಡುವವರೇ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಒಂದು ಸಲವೂ ಆಕೆಯ ಹೊಟ್ಟೆ ಮುಟ್ಟಿ ನೋಡಿದ ನರ್ಸ್ ಇಲ್ಲ, ಡಾಕ್ಟರಿಲ್ಲ.

ಹಸ್ತ ಮಳೆ ಹಿಡಿದಿತ್ತು. ಒಂದು ಸಂಜೆ, ದನ ಮನೆಗೆ ಬರುವ ಹೊತ್ತಿಗೆ ಬ್ಯಾನಿ ಶುರುವಾಯಿತು. ಸೂಲಗಿತ್ತಿ ಬಂದಳು. ಔಡಲೆಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಆಗಾಗ ಎಬ್ಬಿಸಿ ಅಡ್ಡಾಡಿಸಿದಳು. ರಾತ್ರಿ ಕಳೆಯಿತು. ಬೆಳಗಿನ ಜಾವಕ್ಕೆ ನೀರು ಹೋಯಿತು, ಬ್ಯಾನಿ ಜೋರಾಯಿತು. ಕೂಸು ಮಾತ್ರ ಕೆಳಗೆ ಇಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಹೊರಗೆ ಬಂದು ನಮ್ಮ ಮುತ್ಯಾನಿಗೆ ನೇರ ಹೇಳಿದಳು: "ಯಪ್ಪಾ, ಇದು ನನ್ ಕೈಲಿ ಆಗೂದಲ್ಲ. ತಲಿ ಮ್ಯಾಲೇ ನಿಂತೈತಿ. ಗಾಡಿ ಕಟ್ರಿ."

ಈ ಮಾತು ಬಂದದ್ದು ಬ್ಯಾನಿ ಶುರುವಾಗಿ ಹದಿನೆಂಟು ತಾಸಿಗೆ. ನಾನು ತರಬೇತಿಯಲ್ಲಿ ಕಲಿತದ್ದಕ್ಕೂ ಆಕೆ ಕೈಯಲ್ಲಿ ಮುಟ್ಟಿ ತಿಳಿದದ್ದಕ್ಕೂ ದೊಡ್ಡ ಫರಕಿಲ್ಲ. ಚೊಚ್ಚಲ ಹೆರಿಗೆ, ನೀರು ಹೋಗಿದೆ, ಬ್ಯಾನಿ ಜೋರಾಗಿದೆ, ತಲೆ ಇಳಿದಿಲ್ಲ. ಹೀಗಿದ್ದರೆ ಕಾಯಬಾರದು, ದೊಡ್ಡ ದವಾಖಾನೆಗೆ ಕಳಿಸಬೇಕು. ಓದು ಬರದ ಆ ಹೆಣ್ಣುಮಗಳು ಸರಿಯಾಗಿಯೇ ಹೇಳಿದ್ದಳು. ಅಂಗಳದಲ್ಲಿ ನಿಂತು ಹೇಳಿದಳು. ಆಕೆಯ ಜಾತಿಯವರು ಬೇರೆ ದಿನ ಆ ಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಹೆರಿಗೆ ಮಾಡಿಸಲು ಒಳಗೆ ಬಿಟ್ಟವರು ಆಕೆಯ ಮಾತಿಗೆ ಅಷ್ಟು ಬೆಲೆ ಕೊಡಲಿಲ್ಲ. ನನಗೆ ಇವತ್ತಿಗೂ ಹೆಚ್ಚು ಸಂಕಟವಾಗುವುದು ಇದೇ.

ಮುತ್ಯಾ ಕೆಟ್ಟವನಲ್ಲ. ಆತ ಹೇಳಿದ್ದು ಇಷ್ಟೇ: "ಬೀಗರನ್ನ ಒಂದ್ ಮಾತ ಕೇಳದ ಹೆಂಗ ಒಯ್ಯೂದು?" ಮಗಳು ತವರಿನಲ್ಲಿದ್ದರೂ ಆಕೆ ಗಂಡನ ಮನೆಯ ಸೊಸೆ. ದಾರಿಯಲ್ಲಿ ಏನಾದರೂ ಆದರೆ? ಗಂಡಸು ಡಾಕ್ಟರು ಮುಟ್ಟಿದರು ಎಂದು ಬೀಗರು ಅಂದರೆ? ಬೀಗರ ಊರು ಹೊಳೆಯ ಆಚೆ ದಂಡೆಗೆ. ಆಳು ಹೊರಟ. ಹೊಳೆ ತುಂಬಿ ಬಂದಿತ್ತು. ಅಲ್ಲಿ ಸೇತುವೆಯೂ ಇರಲಿಲ್ಲ, ನಾವೆಯೂ ಇರಲಿಲ್ಲ. ಹೊಳೆ ಇಳಿಯುವ ತನಕ ಕಾಯುವುದೇ ರೂಢಿ. ಆಳು ಕತ್ತಲಾಗುವ ತನಕ ದಂಡೆ ಮೇಲೆ ಕೂತು ತಿರುಗಿ ಬಂದ.

ಎರಡನೆಯ ರಾತ್ರಿ ಮನೆಯ ಪೆಟ್ಟಿಗೆ, ಬೀಗ, ಗಂಟು ಎಲ್ಲ ಬಿಚ್ಚಿಟ್ಟರು. ಮಠದಿಂದ ಅಂಗಾರ ತಂದರು. ದ್ಯಾಮವ್ವನಿಗೆ ಹರಕೆ ಹೊತ್ತರು. ಚಿಕ್ಕವ್ವನಿಗೆ ಆ ರಾತ್ರಿ ಅರ್ಧ ಮಾತ್ರ ನೆನಪಿದೆ. ಬಾಯಿ ಒಣಗಿತ್ತು, ಜ್ವರ ಬಂದಿತ್ತು, ಕೂಸು ಅಲುಗುವುದು ಯಾವಾಗಲೋ ನಿಂತಿತ್ತು.

ಬೆಳಗಾಗುವ ಮುಂಚೆ ನಮ್ಮ ಆಯಿ ಗಟ್ಟಿ ಮನಸ್ಸು ಮಾಡಿದಳು. ಗಂಡನನ್ನು ಕೇಳಲಿಲ್ಲ. ಮಗನನ್ನು ಎಬ್ಬಿಸಿ, "ಬೀಗರು ಬೈದ್ರ ನಾ ಬೈಸ್ಕೋತೀನಿ, ನೀ ಗಾಡಿ ಕಟ್ಟು" ಅಂದಳು.

ಆರೋಗ್ಯ ಕೇಂದ್ರ ಇದ್ದ ಊರು ನಾಲ್ಕು ಹರದಾರಿ, ಅಂದರೆ ಇಪ್ಪತ್ತು ಕಿಲೋಮೀಟರ್ ಹತ್ತಿರ. ಬೇಸಿಗೆಯಲ್ಲಾದರೆ ನಾಲ್ಕೈದು ತಾಸಿನ ದಾರಿ. ಆ ದಿನ ಎರಡು ಜೋಡಿ ಎತ್ತು ಹೂಡಿದರೂ ಬೆಳಗಿನಿಂದ ದೀಪ ಹಚ್ಚುವ ತನಕ ಹಿಡಿಯಿತು. ನಾಲ್ಕು ಮಾರಿಗೊಮ್ಮೆ ಇಳಿದು ಗಾಲಿಯ ಮಣ್ಣು ಕೆರೆಯಬೇಕಿತ್ತು. ಎರಡು ಕಡೆ ಹಳ್ಳ ದಾಟುವಾಗ ಗಾಡಿ ಬಿಟ್ಟು ಹೊರಸನ್ನು ಹೆಗಲ ಮೇಲೆ ಹೊತ್ತರು. ಹೊರಲು ಬಂದವರು ಆ ಹೊಲಗಳಲ್ಲಿದ್ದ ಬೇರೆ ಊರಿನವರು. ಅವರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಒಮ್ಮೆ ಹೋಗಿ ಕೈಮುಗಿದು ಬರುತ್ತಿದ್ದೆ.

ಆರೋಗ್ಯ ಕೇಂದ್ರದ ಕಟ್ಟಡ ಹೊಸದು. ಡಾಕ್ಟರ ಹುದ್ದೆ ಖಾಲಿ. ಕಂಪೌಂಡರು ಮತ್ತು ಜವಾನ ಇದ್ದರು. ಕಂಪೌಂಡರು ನಾಡಿ ನೋಡಿ, ಒಂದು ಸೂಜಿ ಮಾಡಿ, "ಇಲ್ಲಿ ಏನೂ ಆಗೂದಿಲ್ರಿ, ಬಿಜಾಪುರಕ್ಕ ಒಯ್ಯಿರಿ" ಅಂದರು. ಬಸ್ಸು ಇದ್ದದ್ದು ಬೆಳಿಗ್ಗೆ. ಮಾಮಾ ಒಂದು ಲಾರಿ ಹುಡುಕಿದ. ಆಯಿ ಕಾಲಿನ ಬೆಳ್ಳಿ ಕಡಗ ಬಿಚ್ಚಿಕೊಟ್ಟಳು. ಕಾಳಿನ ಚೀಲದ ಮೇಲೆ ಚಿಕ್ಕವ್ವನನ್ನು ಮಲಗಿಸಿಕೊಂಡು ಹೊರಟು ದವಾಖಾನೆ ಮುಟ್ಟಿದಾಗ ಮಧ್ಯರಾತ್ರಿ ದಾಟಿತ್ತು.

ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಡಾಕ್ಟರು ಅದನ್ನು ಹೊರಗೆ ತೆಗೆದು ತಾಯಿಯನ್ನು ಉಳಿಸಿದರು. ಬದುಕಿದ್ದೇ ದೊಡ್ಡದು ಎಂದು ಎಲ್ಲರೂ ಅಂದುಕೊಂಡರು. ಒಂದು ವಾರದ ಮೇಲೆ ಚಿಕ್ಕವ್ವನ ಹಾಸಿಗೆ ಸದಾ ಒದ್ದೆಯಾಗತೊಡಗಿತು. ಮೂತ್ರ ತಾನೇ ಸೋರುತ್ತಿತ್ತು, ಹಗಲೂ ರಾತ್ರಿ.

ತಾಸಿನ ಲೆಕ್ಕ

ಕೂಸಿನ ತಲೆ ಸೊಂಟದ ಎಲುಬಿನಲ್ಲಿ ಸಿಕ್ಕಿ ದಿನಗಟ್ಟಲೆ ಒತ್ತಿದರೆ ನಡುವೆ ಸಿಕ್ಕ ಮೂತ್ರಚೀಲದ ಗೋಡೆಗೆ ರಕ್ತ ಹೋಗುವುದಿಲ್ಲ. ಆ ಭಾಗ ಸತ್ತು, ಕೆಲವು ದಿನದ ಮೇಲೆ ಕಳಚಿ, ತೂತು ಬೀಳುತ್ತದೆ. ಡಾಕ್ಟರು ಇದನ್ನು ಫಿಸ್ಟುಲಾ ಎನ್ನುತ್ತಾರೆ. ಸರಿಯಾದ ಹೊತ್ತಿಗೆ ಹೊಟ್ಟೆ ಕೊಯ್ದು ಕೂಸು ತೆಗೆದರೆ ಇದು ಬರುವುದೇ ಇಲ್ಲ.

ಹೆರಿಗೆಯ ಅಪಾಯಗಳಲ್ಲಿ ಒಂದೊಂದಕ್ಕೂ ಒಂದೊಂದು ಗಡುವು ಇದೆ. ಹೆರಿಗೆಯಾದ ಮೇಲೆ ರಕ್ತ ಸುರಿಯತೊಡಗಿದರೆ ಎರಡು ತಾಸಿನಲ್ಲಿ ಜೀವ ಹೋಗಬಹುದು. ಹೆರಿಗೆ ಸಿಕ್ಕಿಕೊಂಡರೆ ಸಾಮಾನ್ಯವಾಗಿ ಎರಡು ಮೂರು ದಿನ ಸಿಗುತ್ತದೆ. ಅಂದರೆ ಚಿಕ್ಕವ್ವನದು ಹೆಚ್ಚು ಹೊತ್ತು ಕೊಡುವಂಥ ಅಪಾಯ. ಅಷ್ಟು ಹೊತ್ತಿದ್ದೂ ಸಾಲಲಿಲ್ಲ.

ಬ್ಯಾನಿ ಶುರುವಾದದ್ದರಿಂದ ದವಾಖಾನೆ ಬಾಗಿಲಿಗೆ ಸುಮಾರು 55 ತಾಸು. ಅದರಲ್ಲಿ ಮೊದಲ 18 ಸೂಲಗಿತ್ತಿ ನೋಡಿ ತಿಳಿಯಲು ಹೋಯಿತು. ಆಮೇಲಿನ 18 ತಾಸು ಬರೀ ತೀರ್ಮಾನಕ್ಕೆ. ಗಾಡಿಗೆ ಸುಮಾರು 12, ಆರೋಗ್ಯ ಕೇಂದ್ರ ಮತ್ತು ಲಾರಿಗೆ ಉಳಿದದ್ದು. ತಾಯಂದಿರ ಸಾವಿನ ಬಗ್ಗೆ ಕೆಲಸ ಮಾಡುವವರು 1994ರಿಂದ ಮೂರು ತಡಗಳ ಮಾತು ಆಡುತ್ತಾರೆ: ಹೋಗೋಣ ಎಂದು ಮನಸ್ಸು ಮಾಡುವ ತಡ, ದಾರಿಯ ತಡ, ದವಾಖಾನೆಯೊಳಗಿನ ತಡ. ನಮ್ಮ ಮನೆಯಲ್ಲಿ ಮೂರೂ ಒಂದರ ಮೇಲೊಂದು ಬಂದವು. ಆದರೆ ಇವು ಬೇರೆ ಬೇರೆ ಅಂತ ನನಗೆ ಅನ್ನಿಸುವುದಿಲ್ಲ. ಗಾಡಿ ದಾರಿ ಹನ್ನೆರಡು ತಾಸು, ಹೋದಲ್ಲಿ ಡಾಕ್ಟರು ಇರುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದಾಗ ಯಾವ ಅಪ್ಪ ತಟ್ಟನೆ ಗಾಡಿ ಕಟ್ಟುತ್ತಾನೆ? ಪಕ್ಕದ ಊರಲ್ಲೇ ಲೇಡಿ ಡಾಕ್ಟರು ಇದ್ದಿದ್ದರೆ ಮುತ್ಯಾ ಬೀಗರನ್ನು ಕೇಳಲು ಆಳು ಕಳಿಸುತ್ತಿದ್ದನೇ? ಡಾಕ್ಟರಿಲ್ಲದ ಕಡೆ ಜನ ಡಾಕ್ಟರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ ಎಂದು ಸುಮ್ನೆ ಹೇಳಿಬಿಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಡಾಕ್ಟರು ಎಲ್ಲಿದ್ದರು?

ದೇಶದ ಆರೋಗ್ಯ ವ್ಯವಸ್ಥೆಯನ್ನು ನೋಡಿ ಹೇಳಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 47,000 ಡಾಕ್ಟರು ಇದ್ದರು. ಸುಮಾರು 6,300 ಜನಕ್ಕೆ ಒಬ್ಬರು. ನರ್ಸ್‌ಗಳ ಲೆಕ್ಕ ಇನ್ನೂ ಕಷ್ಟ, 43,000 ಜನಕ್ಕೆ ಒಬ್ಬರು. ಅದೂ ಸರಾಸರಿ. ಇದ್ದವರು ಹೆಚ್ಚಾಗಿ ಪಟ್ಟಣಗಳಲ್ಲೇ ಇದ್ದರು.

ಆ ಡಾಕ್ಟರಲ್ಲಿ ಮೂರರಲ್ಲಿ ಎರಡು ಪಾಲು ಪದವಿಯವರಲ್ಲ, ಕಡಿಮೆ ವರ್ಷದ ಡಿಪ್ಲೊಮಾ ಓದಿದವರು. ನಮ್ಮ ಕಡೆ ಮುಂಬಯಿ ಸರ್ಕಾರ ಇದ್ದದ್ದರಿಂದ ಎಲ್‌ಸಿಪಿಎಸ್ ಎನ್ನುವ ಡಿಪ್ಲೊಮಾ ಓದಿದವರು. ತಾಲೂಕು ಊರುಗಳಲ್ಲಿ ದವಾಖಾನೆ ತೆರೆದು, ಬಾಟಲಿಗೆ ಕಾಗದದ ಗುರುತು ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದ ಹಳೆಯ ಡಾಕ್ಟರೆಲ್ಲ ಹೆಚ್ಚುಕಡಿಮೆ ಇವರೇ. ಹಳ್ಳಿಯಲ್ಲಿ ಕೂತರೆ ಇಂತಿಷ್ಟು ಹಣ ಕೊಡುತ್ತೇವೆ ಎಂದು ಮುಂಬಯಿ ಸರ್ಕಾರ ಖಾಸಗಿ ವೈದ್ಯರಿಗೆ ಸಹಾಯಧನವನ್ನೂ ಕೊಡುತ್ತಿತ್ತು. ಭೋರ್ ಸಮಿತಿ ಈ ಡಿಪ್ಲೊಮಾ ನಿಲ್ಲಿಸಿ ಒಂದೇ ಪದವಿ ಸಾಕು ಎಂದಿತು. ಹಳ್ಳಿಗೆ ಹೋಗುವವರು ಯಾರು ಎಂದು ಸಮಿತಿಯ ಕೆಲವು ಸದಸ್ಯರೇ ಒಪ್ಪಲಿಲ್ಲ. ನನ್ನ ಅನಿಸಿಕೆಯಲ್ಲಿ ಒಪ್ಪದವರ ಮಾತು ಸರಿ ಇತ್ತು. ಎಲ್ಲರಿಗೂ ಒಂದೇ ದರ್ಜೆಯ ವೈದ್ಯ ಬೇಕು ಎನ್ನುವುದು ಒಳ್ಳೆಯ ಆಸೆಯೇ. ಆದರೆ ಹಳೆಯವರು ಮುದುಕರಾಗುತ್ತಾ ಹೋದರು, ಹೊಸಬರು ತಯಾರಾಗಲು ನಮ್ಮ ಕಡೆ ಕಾಲೇಜೇ ಇರಲಿಲ್ಲ. ಹುಬ್ಬಳ್ಳಿಯ ಮೆಡಿಕಲ್ ಕಾಲೇಜು ಶುರುವಾದದ್ದು 1957ರಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು 1963ರಲ್ಲಿ. ಚಿಕ್ಕವ್ವನ ಹೆರಿಗೆಯ ಹೊತ್ತಿಗೆ ಬೆಳಗಾವಿಯಿಂದ ಮೊದಲ ತಂಡವೇ ಹೊರಬಿದ್ದಿರಲಿಲ್ಲ. ವಿಜಯಪುರಕ್ಕೆ ಕಾಲೇಜು ಬಂದದ್ದು 1980ರ ದಶಕದಲ್ಲಿ.

ಪ್ರಾಥಮಿಕ ಆರೋಗ್ಯ ಕೇಂದ್ರಗಳು 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಶುರುವಾದವು. ಇಡೀ ಬ್ಲಾಕಿಗೆ ಒಂದು. ಕಟ್ಟಡ ಕಟ್ಟುವುದು ಸುಲಭ, ಅಲ್ಲಿ ಒಬ್ಬ ಡಾಕ್ಟರ ಸಂಸಾರ ನಿಲ್ಲಿಸುವುದು ಕಷ್ಟ. ಇರಲು ಮನೆ ಇಲ್ಲ, ಕರೆಂಟಿಲ್ಲ, ಮಕ್ಕಳಿಗೆ ಶಾಲೆ ಇಲ್ಲ, ಕುಡಿಯುವ ನೀರಿಗೆ ಅದೇ ನಾರಿನ ಬಾವಿ. ಬಂದ ಡಾಕ್ಟರು ವರ್ಗ ಮಾಡಿಸಿಕೊಂಡು ಹೋದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನು ಅಂಥ ಕ್ವಾರ್ಟರ್ಸ್‌ನಲ್ಲಿ ಇದ್ದವಳು. ಒಂಟಿ ಹೆಣ್ಣುಮಗಳಿಗೆ ರಾತ್ರಿ ಬಾಗಿಲು ಬಡಿದ ಸದ್ದು ಹೇಗಿರುತ್ತದೆ ಎಂದು ಗೊತ್ತು. ಲೇಡಿ ಡಾಕ್ಟರು ಹಳ್ಳಿಯಲ್ಲಿ ಉಳಿಯಲಿ ಎಂದು ಬಯಸುವವರು ಮೊದಲು ಆ ಬಾಗಿಲನ್ನು ಗಟ್ಟಿ ಮಾಡಬೇಕು.

ಇನ್ನೊಂದು ಮಾತು. ಆ ದಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಇದ್ದಿದ್ದರೂ ಕೂಸು ಉಳಿಯುತ್ತಿರಲಿಲ್ಲ. ಕಂದೀಲು ಬೆಳಕಿನಲ್ಲಿ ಒಬ್ಬರೇ ಸಿಸೇರಿಯನ್ ಮಾಡಲು ಆಗುವುದಿಲ್ಲ. ಅರಿವಳಿಕೆ ಕೊಡುವವರು ಬೇಕು, ರಕ್ತ ಬೇಕು, ಕೈ ಕೆಳಗೆ ನಿಲ್ಲುವ ನರ್ಸ್ ಬೇಕು. ಚಿಕ್ಕವ್ವನಿಗೆ ಬೇಕಿದ್ದದ್ದು ಎರಡು: ಏಳೆಂಟು ತಿಂಗಳಲ್ಲೇ ಹೊಟ್ಟೆ ಮುಟ್ಟಿ ನೋಡಿ "ಇವಳನ್ನು ಮಳೆಗೆ ಮುಂಚೆ ದೊಡ್ಡ ದವಾಖಾನೆ ಇರುವ ಊರಿಗೆ ಕರೆದೊಯ್ಯಿರಿ" ಎನ್ನುವ ನರ್ಸ್, ಮತ್ತೆ ಹೋದರೆ ಆಪರೇಷನ್ ಆಗುವ ಒಂದು ದವಾಖಾನೆ. ಮೊದಲನೆಯದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ. ನಾರುಹುಣ್ಣಿಗಂತೂ ಬೇಕಾಗಿರಲೇ ಇಲ್ಲ. 1980ರ ದಶಕದಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂದು, ಮೆಟ್ಟಿಲ ಬಾವಿ ಮುಚ್ಚಿ, ಕೊಳವೆ ಬಾವಿ ಹಾಕಿ, ನೀರು ಬಟ್ಟೆಯಲ್ಲಿ ಸೋಸಲು ಕಲಿಸಿದ್ದಕ್ಕೆ ಅದು ಹೋಯಿತು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಸಾರಿದ್ದು 2000ದಲ್ಲಿ. ಡಾಕ್ಟರಿಲ್ಲ ಎಂಬ ಒಂದೇ ಕೊರಗಿನಲ್ಲಿ ನೀರಿನ ಕೊರತೆ, ನರ್ಸಿನ ಕೊರತೆ, ದಾರಿಯ ಕೊರತೆ ಎಲ್ಲ ಮುಚ್ಚಿಹೋಗುತ್ತಿತ್ತು.

ಆಮೇಲೆ

ಗಂಡ ಬೇರೆ ಮದುವೆಯಾದ. ಚಿಕ್ಕವ್ವ ತವರಿನಲ್ಲೇ ಉಳಿದಳು, ಮನೆಯೊಳಗಲ್ಲ, ಹಿತ್ತಲ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಮದುವೆ, ಜಾತ್ರೆ ಎಲ್ಲಿಗೂ ಬರುತ್ತಿರಲಿಲ್ಲ. ವಾಸನೆ ಬರುತ್ತದೆ ಎಂದು ತಾನೇ ದೂರ ಕೂರುತ್ತಿದ್ದಳು. ಹೊಲದ ಕೆಲಸ ಮಾತ್ರ ಬಿಡಲಿಲ್ಲ. ಇದಕ್ಕೆ ಆಪರೇಷನ್ ಇದೆ ಎಂದು ಯಾರೂ ಹೇಳಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಕುಟುಂಬ ಯೋಜನೆಯ ಕ್ಯಾಂಪಿಗೆ ಬಂದ ಒಬ್ಬ ನರ್ಸಬಾಯಿ ಆಕೆಯನ್ನು ಕೂರಿಸಿ ಕೇಳಿ, ಮಿರಜಿಗೆ ಹೋಗು ಎಂದು ಬರೆದುಕೊಟ್ಟಳು. ಮಾಮಾ ಕರೆದುಕೊಂಡು ಹೋದ. ಹೊಲಿಗೆ ಹಾಕಿದರು, ಕೆಲವು ವಾರ ನಳಿಗೆ ಇಟ್ಟು ತೆಗೆದರು. ಸೋರುವುದು ನಿಂತಿತು. ಆಗ ಆಕೆಗೆ ಮೂವತ್ತು ದಾಟಿತ್ತು. ಅದಾದ ಮೇಲೆ ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಹೋಳಿಗೆ ಹಂಚಿದವಳು ಆಕೆಯೇ.

ಈಗ ಎಷ್ಟೋ ಬದಲಾಗಿದೆ. 1983ರ ಆರೋಗ್ಯ ನೀತಿಯ ಮೇಲೆ 5,000 ಜನಕ್ಕೆ ಉಪಕೇಂದ್ರ, 30,000 ಜನಕ್ಕೆ ಆರೋಗ್ಯ ಕೇಂದ್ರ ಎಂದಾಯಿತು. 2005ರ ನಂತರ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಗಾಡಿ ಬಂತು. ಕರ್ನಾಟಕದಲ್ಲಿ ಜೀವಂತ ಹುಟ್ಟುವ ಒಂದು ಲಕ್ಷ ಕೂಸುಗಳಿಗೆ ಸಾಯುವ ತಾಯಂದಿರು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿಯಿತು. ಓದು ಮುಗಿಸಿದ ಡಾಕ್ಟರು ಹಳ್ಳಿಯಲ್ಲಿ ಸೇವೆ ಮಾಡಲೇಬೇಕು ಎಂದು ರಾಜ್ಯ 2012ರಲ್ಲಿ ಕಾನೂನು ಮಾಡಿತು. ಇದೆಲ್ಲ ನಾನು ಕಣ್ಣಾರೆ ಕಂಡ ಬದಲಾವಣೆ.

ಆದರೂ ಮಳೆ ಜೋರಾದರೆ ತಾಳಿಕೋಟೆ ಹತ್ತಿರದ ಹಡಗಿನಾಳ ಸೇತುವೆ ಈಗಲೂ ಡೋಣಿಯಲ್ಲಿ ಮುಳುಗುತ್ತದೆ. ಖಾನಾಪುರ ತಾಲೂಕಿನ ಭೀಮಗಡ ಕಾಡಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರುವುದು ಈಚಿನ ವರ್ಷಗಳಲ್ಲೂ ನಡೆದಿದೆ. ಅಲ್ಲಿಗೆ 108 ಗಾಡಿ ಇದೆ ಎಂದರೆ ಸಾಲದು, ಗಾಡಿ ನಿಲ್ಲುವ ಜಾಗದಿಂದ ಮನೆಯ ಬಾಗಿಲಿಗೆ ಎಷ್ಟು ತಾಸು ಎಂದು ಕೇಳಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದಿನ ತುಂಬುವ ಗರ್ಭಿಣಿಯರ ಪಟ್ಟಿಯನ್ನು ಆಶಾ ಮತ್ತು ನರ್ಸ್ ಜುಲೈನಲ್ಲೇ ಕೂತು ಮಾಡಬಹುದು. ಯಾರ ಮನೆಯ ದಾರಿಗೆ ಹಳ್ಳ ಅಡ್ಡ ಇದೆ, ಯಾರದು ಚೊಚ್ಚಲು, ಯಾರು ಗಿಡ್ಡ ಇದ್ದಾರೆ, ಯಾರಿಗೆ ಹಿಂದೆ ಆಪರೇಷನ್ ಆಗಿದೆ ಎಂದು ಗುರುತು ಹಾಕಿ, ಅವರನ್ನು ಹತ್ತು ದಿನ ಮುಂಚೆಯೇ ತಾಲೂಕು ದವಾಖಾನೆಯ ಹತ್ತಿರ ತಂದು ಇರಿಸಬೇಕು. ಜೊತೆಗೆ ಬರುವ ಅವ್ವನಿಗೂ ಊಟ, ಇರಲು ಒಂದು ಕೋಣೆ ಕೊಡಬೇಕು. ಇಲ್ಲದಿದ್ದರೆ ಯಾರೂ ಬರುವುದಿಲ್ಲ. ಗಂಡನ ಮನೆಯವರ ಒಪ್ಪಿಗೆಯನ್ನೂ ಆ ಪಟ್ಟಿ ಮಾಡುವ ದಿನವೇ ಕೇಳಿ ಇಟ್ಟುಕೊಳ್ಳಬೇಕು. ಹೊಳೆ ತುಂಬಿದ ಮೇಲೆ ಕೇಳಲು ಹೋಗಬಾರದು.